ಐದು ಮರದಲ್ಲಿ ಒಬ್ಬರೇ

ಚಿತ್ರವನ್ನು ಮೊದಲು ನೋಡಿದವರು ಆಚೆಮನೆಯ ಭಾವ. ಫೋನನ್ನು ಮೂಗಿನ ತನಕ ತಂದು, ಮತ್ತೆ ದೂರ ಹಿಡಿದು, ಕನ್ನಡಕವನ್ನು ಹಣೆಗೆ ಏರಿಸಿ ಕೇಳಿದರು: “ಐದು ಜನ! ನಿನಗೆ ಎಲ್ಲಿ ಸಿಕ್ಕಿದರು ಮಾರಾಯ? ನಾಳೆ ಬರುತ್ತೇನೆಂದು ಹೇಳಿ ಹೋದ ಒಬ್ಬನಿಗಾಗಿ ನಾನು ಹದಿನೈದು ದಿನದಿಂದ ಕಾಯುತ್ತಿದ್ದೇನೆ.”

ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಗುಡ್ಡೆಯ ಬುಡದಲ್ಲಿ ಅಡಿಕೆ ತೋಟ ಇರುವ ಯಾರಿಗೇ ಆದರೂ ಈ ಹೊಟ್ಟೆಕಿಚ್ಚು ಅರ್ಥವಾಗುತ್ತದೆ. ಮರ ಹತ್ತುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತಿಗೆ, ಕೊಯ್ಲಿನ ಹೊತ್ತಿಗೆ, ಅವರ ಫೋನ್ ನಂಬರ್ ಇದ್ದವನೇ ಸಾಹುಕಾರ. ಅಂಥದ್ದರಲ್ಲಿ ನನ್ನ ಚಿತ್ರದಲ್ಲಿ ಸಾಲಾಗಿ ಐದು ಮರ, ಐದರ ತುದಿಯಲ್ಲೂ ಒಬ್ಬೊಬ್ಬರು. ಐವರೂ ಒಬ್ಬರೇ, ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಐದು ಚಿತ್ರಗಳನ್ನು ಒಂದರೊಳಗೆ ಸೇರಿಸಿದ್ದೇನೆ ಎಂದು ವಿವರಿಸಿದೆ. “ಹಾಗಾದರೆ ನಾಲ್ವರು ಸುಳ್ಳು” ಎಂದು ಫೋನ್ ವಾಪಸು ಕೊಟ್ಟರು.

ನಾಲ್ವರೂ ಸುಳ್ಳಲ್ಲ. ಐದು ಮರಕ್ಕೂ ಅವರು ಹತ್ತಿದ್ದು ನಿಜ, ಗೊನೆ ಕಡಿದದ್ದು ನಿಜ. ಸುಳ್ಳು ಏನಾದರೂ ಇದ್ದರೆ ಅದು ‘ಒಟ್ಟಿಗೆ’ ಎಂಬುದರಲ್ಲಿ ಮಾತ್ರ. ಹಾಗೆಂದು ಭಾವನಿಗೆ ಹೇಳಲು ಹೊರಟವನು ಸುಮ್ಮನಾದೆ. ಏಕೆಂದರೆ ಆ ಚಿತ್ರದಲ್ಲಿ ಇನ್ನೊಂದು ಹುಳುಕು ಇತ್ತು. ಅದು ಭಾವನಿಗೂ ತಿಳಿಯಲಿಲ್ಲ, ಆಗ ನನಗೂ ತಿಳಿದಿರಲಿಲ್ಲ.

ಈ ಹುಚ್ಚು ನನಗೆ ಹಿಡಿದದ್ದು 2019ರ ಡಿಸೆಂಬರ್ 26ರಂದು. ಕಂಕಣ ಸೂರ್ಯಗ್ರಹಣದ ಹಾದಿ ಅಂದು ನಮ್ಮ ಕಾಸರಗೋಡು ಜಿಲ್ಲೆಯ ಮೇಲೆಯೇ ಹಾದುಹೋಗಿತ್ತು. ನೋಡಲು ಬಂದ ಊರಪರವೂರ ಜನರೆಲ್ಲ ಚೆರುವತ್ತೂರಿನಲ್ಲಿ ಸೇರಿದರು. ಕ್ರಿಸ್ಮಸ್ ರಜೆಯಲ್ಲಿದ್ದ ನಾನು ಮನೆಯ ಅಂಗಳದಲ್ಲೇ, ಒಣಗಲು ಹಾಕಿದ ಅಡಿಕೆಯ ನಡುವೆ ಒಂದು ಗೇಣು ಜಾಗ ಮಾಡಿಕೊಂಡು ಟ್ರೈಪಾಡ್ ಊರಿದೆ. ಆಕಾಶದಲ್ಲಿ ಸೂರ್ಯ ತನ್ನ ಅಗಲದಷ್ಟು ದೂರ ಸರಿಯಲು ಸುಮಾರು ಎರಡು ನಿಮಿಷ ಬೇಕು. ಹತ್ತು ನಿಮಿಷಕ್ಕೊಂದು ಚಿತ್ರ ತೆಗೆದರೆ ಒಂದು ಬಿಂಬಕ್ಕೂ ಮುಂದಿನದಕ್ಕೂ ನಡುವೆ ಮೂರು-ನಾಲ್ಕು ಸೂರ್ಯರು ಹಿಡಿಸುವಷ್ಟು ಜಾಗ ಉಳಿಯುತ್ತದೆ. ಎಂಟು ಗಂಟೆ ಕಳೆದ ಮೇಲಿಂದ ಹನ್ನೊಂದರ ತನಕ ಹಾಗೆ ತೆಗೆದದ್ದು ಹದಿನೆಂಟು ಚಿತ್ರ. ಒಂಬತ್ತೂವರೆಯ ಹತ್ತಿರ ಸೂರ್ಯ ಬಳೆಯಾದಾಗ ಕೋಳಿಗಳು ಗೂಡಿಗೆ ಹೋಗುತ್ತವೆಯೋ ಎಂದು ಮನೆಯವರು ಕಾದು ನೋಡಿದರು. ಹೋಗಲಿಲ್ಲ.

ಸೇರಿಸುವ ಕೆಲಸ ಅಂದು ಎಷ್ಟು ಸಲೀಸಾಗಿತ್ತೆಂದರೆ, ಅದೇ ನನ್ನನ್ನು ಹಾಳು ಮಾಡಿತು. ಸೌರ ಫಿಲ್ಟರಿನ ಮೂಲಕ ತೆಗೆದ ಚಿತ್ರದಲ್ಲಿ ಸೂರ್ಯನ ಹೊರತು ಉಳಿದದ್ದೆಲ್ಲ ಕಪ್ಪು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಸ್ವತಂತ್ರ ತಂತ್ರಾಂಶ. ಮಕ್ಕಳಿಗೆ ಕಲಿಸಲೆಂದೇ ನಾನು ಅದರಲ್ಲಿ ಚಿತ್ರ ತಿದ್ದುವ ಜಿಂಪ್ ಕಲಿತಿದ್ದೆ. ಜಿಂಪಿನಲ್ಲಿ ಹದಿನೆಂಟು ಚಿತ್ರಗಳನ್ನು ಒಂದರ ಮೇಲೊಂದು ಲೇಯರುಗಳಾಗಿ ಇಟ್ಟು, ‘ಲೈಟನ್ ಓನ್ಲಿ’ ಎಂಬುದನ್ನು ಒತ್ತಿದರಾಯಿತು. ಒಂದೊಂದು ಚುಕ್ಕೆಯಲ್ಲೂ ಎಲ್ಲ ಲೇಯರುಗಳ ಪೈಕಿ ಹೆಚ್ಚು ಬೆಳಕಿನದು ಯಾವುದೋ ಅದನ್ನು ಮಾತ್ರ ಅದು ಉಳಿಸಿಕೊಳ್ಳುತ್ತದೆ. ಕಪ್ಪು ಎಲ್ಲ ಕಡೆ ಸೋಲುತ್ತದೆ, ಸೂರ್ಯ ಎಲ್ಲ ಕಡೆ ಗೆಲ್ಲುತ್ತಾನೆ. ಐದು ನಿಮಿಷದಲ್ಲಿ ಹದಿನೆಂಟು ಸೂರ್ಯರ ಮಾಲೆ ಸಿದ್ಧ.

ಇದನ್ನೇ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದವನು ಎಟಿಯೆನ್ ಜೂಲ್ ಮರೇ ಎಂಬ ಫ್ರೆಂಚ್ ಶರೀರಶಾಸ್ತ್ರಜ್ಞ. ಆತನಿಗೆ ಛಾಯಾಚಿತ್ರದ ಚಂದ ಬೇಕಿರಲಿಲ್ಲ, ಮನುಷ್ಯ ಹೇಗೆ ನಡೆಯುತ್ತಾನೆ, ಹಕ್ಕಿ ಹೇಗೆ ರೆಕ್ಕೆ ಬಡಿಯುತ್ತದೆ ಎಂಬ ಲೆಕ್ಕ ಬೇಕಿತ್ತು. 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ ಸೆಕೆಂಡಿಗೆ 12ರಂತೆ ಚಿತ್ರ ತೆಗೆದ. ಬಿಡಿ ಚಿತ್ರಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವಿನ ದೂರ ಅಳೆಯಲು ಆಗುವುದಿಲ್ಲವೆಂದು, ಎಲ್ಲವೂ ಒಂದೇ ಗಾಜಿನ ಪ್ಲೇಟಿನ ಮೇಲೆ ಬೀಳುವ ಹಾಗೆ ಮಾಡಿದ. ಹಿಂದೆ ಕಡುಗಪ್ಪು ಗೋಡೆ, ಮುಂದೆ ಬಿಳಿ ಉಡುಪಿನ ಮನುಷ್ಯ, ಕ್ಯಾಮೆರಾದೊಳಗೆ ಸೀಳುಗಳಿರುವ ಒಂದು ತಿರುಗುವ ತಟ್ಟೆ. ಸೀಳು ಎದುರಿಗೆ ಬಂದಾಗಲೆಲ್ಲ ಪ್ಲೇಟಿಗೆ ಒಮ್ಮೆ ಬೆಳಕು. ಕಪ್ಪು ಗೋಡೆ ಪ್ಲೇಟಿಗೆ ಏನೂ ಮಾಡುವುದಿಲ್ಲ. ಬಿಳಿ ಮನುಷ್ಯ ಮಾತ್ರ ಹೆಜ್ಜೆಹೆಜ್ಜೆಗೂ ಅಚ್ಚಾಗುತ್ತಾನೆ. ಒಂದೇ ತೊಂದರೆ, ನಿಧಾನವಾಗಿ ನಡೆದರೆ ಒಂದು ಮೈ ಇನ್ನೊಂದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತಿತ್ತು. ಅದಕ್ಕೆ ಆತ ಮನುಷ್ಯನಿಗೂ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನ ಉದ್ದಕ್ಕೆ ಮಿನುಗುವ ಪಟ್ಟಿಗಳನ್ನು ಅಂಟಿಸಿದ. ಮನುಷ್ಯ ಮಾಯವಾಗಿ ಗೆರೆಗಳು ಉಳಿದವು. ಆ ಗೆರೆಗಳನ್ನು ನೋಡಿದಾಗಲೆಲ್ಲ ನನಗೆ ಗಾಳಿಗೆ ಬಾಗಿದ ಪೈರಿನ ನೆನಪಾಗುತ್ತದೆ.

ಈಗ ತೋಟಕ್ಕೆ ಬರುತ್ತೇನೆ.

ನಮ್ಮಲ್ಲಿಗೆ ಅಡಿಕೆ ಕೊಯ್ಯಲು ಬರುವವರಿಗೆ ಐವತ್ತೈದರ ಮೇಲಾಗಿದೆ. ನಾನು ಅಣ್ಣ ಎನ್ನುತ್ತೇನೆ. ಅವರು ನನ್ನನ್ನು ಮಾಷ್ಟ್ರೇ ಎನ್ನುತ್ತಾರೆ. ಅವರ ಮನೆಮಾತು ಒಂದು, ನನ್ನದು ಇನ್ನೊಂದು, ತೋಟದ ಮಾತು ತುಳು. ಪಾದಗಳಿಗೆ ಬಳ್ಳಿಯ ತಳೆ, ಸೊಂಟದ ಹಿಂದೆ ಕತ್ತಿ, ತಲೆಗೆ ಮುಟ್ಟಾಳೆ. ಮೊದಲ ಮರವನ್ನು ಬುಡದಿಂದ ಹತ್ತುತ್ತಾರೆ. ಆಮೇಲೆ ನೆಲಕ್ಕೆ ಇಳಿಯುವುದು ಆ ಸಾಲು ಮುಗಿದ ಮೇಲೆಯೇ. ಗೊನೆ ಕಡಿದು, ಅದು ಧೊಪ್ಪೆಂದು ಬಿದ್ದ ಸದ್ದು ಕೇಳಿದ ಮೇಲೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಮರದ ಕುತ್ತಿಗೆಯನ್ನು ತಬ್ಬಿಕೊಂಡು ಮೈಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತೂಗುತ್ತಾರೆ. ಐವತ್ತು ಅಡಿ ಎತ್ತರದ, ಎರಡು ಕೈಗಳ ಹಿಡಿತಕ್ಕೆ ಸಿಗುವಷ್ಟೇ ದಪ್ಪದ ಮರ ಮೊದಲು ಒಲ್ಲೆನೆಂಬಂತೆ ಅಲುಗಾಡುತ್ತದೆ, ಎರಡನೆಯ ಸಲಕ್ಕೆ ಒಪ್ಪುತ್ತದೆ, ಮೂರನೆಯ ಸಲಕ್ಕೆ ಬಾಗಿ ಒಂಬತ್ತು ಅಡಿ ಆಚೆಯ ಮರದ ತನಕ ಹೋಗುತ್ತದೆ. ಒಂದು ಕೈ ಆ ಮರಕ್ಕೆ, ಒಂದು ಕಾಲು ಇನ್ನೂ ಈ ಮರದಲ್ಲಿ. ಆ ಹೊತ್ತಿಗೆ ಕೆಳಗೆ ಅಡಿಕೆ ಹೆಕ್ಕುವವರು ಯಾರೂ ಮಾತನಾಡುವುದಿಲ್ಲ. ಮತ್ತೆ ಈ ಮರವನ್ನು ಬಿಟ್ಟುಬಿಡುತ್ತಾರೆ. ಅದು ಸೋಗೆಗಳನ್ನು ಕೆದರಿಕೊಂಡು ಹಿಂದಕ್ಕೆ ಚಿಮ್ಮಿ, ಅತ್ತಿತ್ತ ಓಲಾಡಿ, ಏನೂ ಆಗಲಿಲ್ಲವೆಂಬಂತೆ ನಿಲ್ಲುತ್ತದೆ.

ಇದನ್ನು ಒಂದೇ ಚಿತ್ರದಲ್ಲಿ ತೋರಿಸಬೇಕು ಎಂದು ಆಸೆ. ತೋಟದ ಮೇಲಿನ ಬದಿಯಲ್ಲಿ ನಮ್ಮದೊಂದು ಮುರಕಲ್ಲಿನ ಪಾಗಾರ ಇದೆ. ಅದರ ಮೇಲೆ ನಿಂತರೆ ಅಡಿಕೆ ಮರಗಳ ತಲೆ ನಮ್ಮ ಕಣ್ಣಿನ ಮಟ್ಟಕ್ಕೆ ಸಿಗುತ್ತದೆ. ಅಲ್ಲಿ ಟ್ರೈಪಾಡ್ ಇಟ್ಟೆ. ಬೆಳಕು, ಬಣ್ಣ, ಫೋಕಸ್ ಯಾವುದನ್ನೂ ಕ್ಯಾಮೆರಾದ ತೀರ್ಮಾನಕ್ಕೆ ಬಿಡದೆ ಕೈಯಾರೆ ಕಟ್ಟಿಹಾಕಿದೆ. ಹಾಗೆ ಮಾಡದಿದ್ದರೆ ಪ್ರತಿ ಚಿತ್ರಕ್ಕೂ ಕ್ಯಾಮೆರಾ ತನ್ನ ಬುದ್ಧಿ ಉಪಯೋಗಿಸಿ, ಒಂದರಲ್ಲಿ ತೋಟ ಹಸಿರು, ಇನ್ನೊಂದರಲ್ಲಿ ಹಳದಿ. ಇಪ್ಪತ್ತು ನಿಮಿಷದಲ್ಲಿ ಅಣ್ಣ ಐದು ಮರ ದಾಟಿದರು. ನನ್ನ ಬಳಿ ನಾನೂರಕ್ಕೂ ಹೆಚ್ಚು ಚಿತ್ರ.

ರಾತ್ರಿ ಕುಳಿತಾಗ ಗೊತ್ತಾಯಿತು, ತೋಟ ಆಕಾಶದ ಹಾಗಲ್ಲ. ಹಲವು ಚಿತ್ರ ಸೇರಿಸುವ ಎಲ್ಲ ಉಪಾಯಗಳೂ ಒಂದು ನಂಬಿಕೆಯ ಮೇಲೆ ನಿಂತಿವೆ: ಚಲಿಸುವವನು ಒಬ್ಬ, ಉಳಿದದ್ದೆಲ್ಲ ಸ್ಥಿರ. ನಮ್ಮ ತೋಟದಲ್ಲಿ ಸ್ಥಿರವಾದದ್ದು ಮುರಕಲ್ಲು ಮಾತ್ರ. ಗಂಟೆಗೆ ಹದಿನೈದು ಡಿಗ್ರಿ ಸರಿಯುವ ಸೂರ್ಯ ಗ್ರಹಣದ ದಿನ ನನಗೆ ಉಪಕಾರ ಮಾಡಿದ್ದ; ಅದೇ ಲೆಕ್ಕದಲ್ಲಿ ಇಪ್ಪತ್ತು ನಿಮಿಷಕ್ಕೆ ಐದು ಡಿಗ್ರಿ ಸರಿದು, ನೆಲದ ಮೇಲಿನ ಬಿಸಿಲಿನ ತುಂಡುಗಳನ್ನೆಲ್ಲ ಒಂದು ಮಾರಿಗೂ ಹೆಚ್ಚು ಎಳೆದುಕೊಂಡು ಹೋಗಿದ್ದ. ಮೊದಲ ಚಿತ್ರದಲ್ಲಿ ಬಿಸಿಲಿದ್ದ ಕಣಿ ಕೊನೆಯದರಲ್ಲಿ ನೆರಳು. ಲೈಟನ್ ಓನ್ಲಿ ಒತ್ತಿದೆ. ಸೋಗೆಗಳ ನಡುವಿನ ಬೆಳಕೆಲ್ಲ ಗೆದ್ದು ಅಣ್ಣ ತೂತುತೂತಾದರು.

ಇನ್ನೊಂದು ದಾರಿ ಇದೆಯಲ್ಲ ಎಂದು, ಎಲ್ಲ ಚಿತ್ರಗಳ ಪ್ರತಿ ಚುಕ್ಕೆಯ ನಡುಬೆಲೆ ತೆಗೆಯುವ ಒಂದು ಸಣ್ಣ ತಂತ್ರಾಂಶವನ್ನು ಓಡಿಸಿದೆ. ಪ್ರವಾಸಿ ತಾಣಗಳಲ್ಲಿ ಅಡ್ಡ ಬರುವ ಜನರನ್ನು ಅಳಿಸಿ ಖಾಲಿ ಕೋಟೆ, ಖಾಲಿ ಕಡಲ ತೀರ ತೋರಿಸಲು ಇದನ್ನು ಬಳಸುತ್ತಾರೆ. ಒಂದು ಜಾಗದಲ್ಲಿ ಹೆಚ್ಚು ಹೊತ್ತು ಇದ್ದದ್ದು ಉಳಿಯುತ್ತದೆ, ಬಂದುಹೋದದ್ದು ಅಳಿಯುತ್ತದೆ. ಬಂದ ಫಲ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಚೊಕ್ಕ ತೋಟ. ಮೊದಲ ಮರಗಳ ಗೊನೆ ಕಡಿದಾಗಿದೆ, ಕೊನೆಯವುಗಳದು ಇನ್ನೂ ಇದೆ. ಕಡಿದವರು ಮಾತ್ರ ಎಲ್ಲೂ ಇಲ್ಲ.

ಆದರೆ ಆ ಖಾಲಿ ತೋಟವೇ ಕೊನೆಗೆ ಉಪಯೋಗಕ್ಕೆ ಬಂತು. ಅದನ್ನು ತಳಕ್ಕೆ ಹಾಸಿ, ಐದು ಚಿತ್ರಗಳಲ್ಲಿ ಉಳಿದದ್ದನ್ನು ಮರೆಮಾಡುವ ‘ಮಾಸ್ಕ್’ ಹಾಕಿ ಅಣ್ಣನನ್ನು ಬಿಡಿಸಿ ತಂದು ಕೂರಿಸಿದೆ. ಬ್ರಷ್ ಹಿಡಿದು ಬೆರಳು, ಮುಟ್ಟಾಳೆಯ ಅಂಚು, ಕತ್ತಿಯ ಮೊನೆ ಎಂದು ಎರಡು ರಾತ್ರಿ ಹೋಯಿತು. ಯಾವ ಐದನ್ನು ಆರಿಸಿದೆ? ಮರ ನೆಟ್ಟಗೆ ನಿಂತಿದ್ದಾಗ ತೆಗೆದವು. ಬಾಗಿದ ಮರದ ಚಿತ್ರ ತಂದರೆ ತಳದಲ್ಲಿರುವ ನೆಟ್ಟಗಿನ ಮರಕ್ಕೆ ಅದು ಹೊಂದುವುದಿಲ್ಲ, ಒಂದೇ ಮರಕ್ಕೆ ಎರಡು ಕಾಂಡ ಬರುತ್ತದೆ. ಆದ್ದರಿಂದ ಅಂಥವನ್ನೆಲ್ಲ ಬದಿಗೆ ತಳ್ಳಿದೆ. ಅದನ್ನು ಆಗ ತಪ್ಪೆಂದು ಅಂದುಕೊಳ್ಳಲಿಲ್ಲ, ನಾಜೂಕು ಎಂದುಕೊಂಡೆ.

ಭಾವ ನೋಡಿ ಹೊಟ್ಟೆಕಿಚ್ಚು ಪಟ್ಟದ್ದು ಈ ಚಿತ್ರವನ್ನು. ಪತ್ರಿಕೆಯಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರೂ ಕೇಳಿದರು. ಹಲವು ಚಿತ್ರ ಸೇರಿಸಿದ್ದು ಎಂದು ಕೆಳಗೆ ಬರೆಯುವುದಾದರೆ ಕೊಡುತ್ತೇನೆ ಎಂದೆ. ಬರೆದರೆ ಸ್ವಾರಸ್ಯ ಹೋಗುತ್ತದೆ ಎಂದರು. ಸುದ್ದಿಯ ಪುಟದಲ್ಲಿ ಸ್ವಾರಸ್ಯಕ್ಕಿಂತ ದೊಡ್ಡದು ಇನ್ನೊಂದಿದೆ, ಕೊಡಲಿಲ್ಲ. ಕೊಟ್ಟಿದ್ದರೆ ಮರುದಿನ ಜಿಲ್ಲೆಯ ಅರ್ಧದಷ್ಟು ಕೃಷಿಕರು ಆ ಐವರ ನಂಬರ್ ಕೇಳಿ ನನಗೆ ಫೋನ್ ಮಾಡುತ್ತಿದ್ದರು, ಅದು ಬೇರೆ ಮಾತು.

ಅಣ್ಣನಿಗೆ ತೋರಿಸಿದ್ದು ಹತ್ತು ಗಂಟೆಯ ಚಾಕ್ಕೆ ಅವರು ಜಗಲಿಗೆ ಬಂದಾಗ. ಕೈ ಒರೆಸಿಕೊಂಡು ನೋಡಿದರು. ಹೊಗಳುತ್ತಾರೆಂದು ನಾನು ಕಾದೆ.

“ಇದರಲ್ಲಿ ನಾನು ಕೂತಿದ್ದೇನಷ್ಟೆ, ಮಾಷ್ಟ್ರೇ. ದಾಟಿದ್ದು ಎಲ್ಲಿ?”

ಮತ್ತೆ ಅವಲಕ್ಕಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾ ಸೇರಿಸಿದರು: “ಕೂತದ್ದಕ್ಕೋ ನೀವು ಸಂಬಳ ಕೊಡುವುದು?”

ನಾನೂರು ಚಿತ್ರಗಳಲ್ಲಿ ಅವರು ದಾಟಿದ್ದು ಇತ್ತು. ಹೊಂದುವುದಿಲ್ಲವೆಂದು ತೆಗೆದುಹಾಕಿದವನು ನಾನೇ. ಚಲಿಸುವವರ ಚಿತ್ರ ಎಂದು ಹೊರಟು, ಚಲಿಸದೆ ಇದ್ದ ಐದು ಗಳಿಗೆಗಳನ್ನು ಹೆಕ್ಕಿ ಜೋಡಿಸಿದ್ದೆ. ಅದೂ ಸಮ ಅಂತರದಲ್ಲಿ. ಮರಗಳು ಸಮ ಅಂತರದಲ್ಲಿ ಇರುವುದರಿಂದ ಚಿತ್ರ ಅಚ್ಚುಕಟ್ಟಾಗಿ ಕಂಡಿತು. ಮೂರನೆಯ ಮರದಲ್ಲಿ ಅವರು ಆರು ನಿಮಿಷ ಇದ್ದದ್ದು, ಐದನೆಯದರಲ್ಲಿ ಎರಡೇ ನಿಮಿಷ ಇದ್ದದ್ದು, ಯಾವುದೂ ಅದರಲ್ಲಿ ಇರಲಿಲ್ಲ. ಮರೇ ಹಾಗೆ ಮಾಡಲಿಲ್ಲ. ಆತನ ತಟ್ಟೆ ಒಂದೇ ವೇಗದಲ್ಲಿ ತಿರುಗುತ್ತಿತ್ತು. ಸೀಳು ಯಾವಾಗ ಬಂತೋ ಆಗ ಚಿತ್ರ, ಚಂದವಿರಲಿ ಇಲ್ಲದಿರಲಿ. ಅದರಿಂದಾಗಿಯೇ ಆ ಪ್ಲೇಟುಗಳಲ್ಲಿ ಬಿಂಬಗಳು ದೂರವಾದಲ್ಲಿ ವೇಗ ಇದೆ, ಒತ್ತೊತ್ತಾದಲ್ಲಿ ನಿಧಾನ ಇದೆ. ಅಂತರವನ್ನು ಆರಿಸುವ ಕೆಲಸವನ್ನು ಆತ ಕೈಗೆ ಕೊಡದೆ ಯಂತ್ರಕ್ಕೆ ಕೊಟ್ಟಿದ್ದ.

ಮುಂದಿನ ಕೊಯ್ಲಿಗೆ ಪಾಗಾರ ಬಿಟ್ಟು ತೋಟದ ಕೆಳಗಿನ ತುದಿಗೆ ಹೋದೆ. ಅಲ್ಲಿ ತೋಡಿನ ಬದಿಯ ಕೊನೆಯ ಸಾಲಿನ ಹಿಂದೆ ಬೇರೆ ಮರ ಇಲ್ಲ, ಬರೀ ಆಕಾಶ. ಎದ್ದ ಹೊತ್ತಿಗೆ ಗಾಳಿಯೂ ಇರಲಿಲ್ಲ. ತೋಡಿನ ಆಚೆ ದಡದಲ್ಲಿ, ಕೆಸರಿನಲ್ಲಿ ಇಳಿಯದಂತೆ ಟ್ರೈಪಾಡಿನ ಮೂರು ಕಾಲಿಗೂ ಒಂದೊಂದು ಅಡಿಕೆ ಹಾಳೆ ಮಡಚಿ ಕೊಟ್ಟು ನಿಲ್ಲಿಸಿದೆ. ಬೆಳಕಿನ ಲೆಕ್ಕವನ್ನು ಆಕಾಶಕ್ಕೆ ಹೊಂದಿಸಿದೆ. ಮರವೂ ಮನುಷ್ಯನೂ ಕಪ್ಪು ನೆರಳು. ಮರೇಯ ಏರ್ಪಾಡನ್ನು ತಲೆಕೆಳಗು ಮಾಡಿದ ಹಾಗೆ: ಆತನದು ಕಪ್ಪಿನ ಮುಂದೆ ಬಿಳಿ, ನನ್ನದು ಬಿಳಿಯ ಮುಂದೆ ಕಪ್ಪು. ಇದಕ್ಕೆ ಜಿಂಪಿನಲ್ಲಿ ‘ಡಾರ್ಕನ್ ಓನ್ಲಿ’ ಇದೆ. ಹಾರುವ ಗರುಡನನ್ನೋ ಕೊಕ್ಕರೆಗಳ ಸಾಲನ್ನೋ ಸೇರಿಸುವವರು ಬಳಸುವುದು ಇದನ್ನೇ. ಹೆಚ್ಚು ಕಪ್ಪಗಿರುವುದು ಗೆಲ್ಲುತ್ತದೆ, ಮಾಸ್ಕೂ ಬೇಡ, ಬ್ರಷ್ಷೂ ಬೇಡ.

ಈ ಸಲ ಐದು ಮರದ ಆಸೆ ಬಿಟ್ಟೆ. ಒಂದು ಮರದಿಂದ ಇನ್ನೊಂದಕ್ಕೆ ದಾಟುವ ನಾಲ್ಕೈದು ಸೆಕೆಂಡು ಮಾತ್ರ ಸಾಕು ಎಂದುಕೊಂಡೆ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ, ಸೆಕೆಂಡಿಗೆ ಎಂಟು ಚಿತ್ರ. ಅಣ್ಣ ಮೈ ತೂಗಲು ಸುರು ಮಾಡಿದ ಕೂಡಲೆ ಬೆರಳು ಒತ್ತಿ, ಬಿಟ್ಟ ಮರ ನಿಲ್ಲುವ ತನಕ ಬೆರಳು ಎತ್ತಲಿಲ್ಲ. ಮನೆಗೆ ಬಂದು, ಎರಡಕ್ಕೊಂದರಂತೆ ಚಿತ್ರ ತೆಗೆದುಕೊಂಡೆ. ಅಂದರೆ ಕಾಲು ಸೆಕೆಂಡಿಗೊಂದು. ಇದು ಚಂದ, ಅದು ಬೇಡ ಎಂದು ಆರಿಸುವುದಿಲ್ಲವೆಂದು ಮೊದಲೇ ನಿಶ್ಚಯ ಮಾಡಿದ್ದೆ. ಮಾಡಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಕೈ ತಡೆಯುತ್ತಿರಲಿಲ್ಲ.

ಅಂಥ ಚಿತ್ರ ಬರುತ್ತದೆಂದು ನಾನು ಎಣಿಸಿರಲೇ ಇಲ್ಲ. ಅಣ್ಣ ಅದರಲ್ಲಿ ಹೆಚ್ಚುಕಡಿಮೆ ಅಲುಗಾಡಿದ ಹಾಗೇ ಇಲ್ಲ! ಎರಡು ಮರಗಳ ನಡುವೆ ಅವರದೊಂದು ದಟ್ಟ ಕಪ್ಪು ಗಂಟು. ಅದರಿಂದ ಹೊರಗೆ ನಾಲ್ಕೈದು ಮುಂಗೈ, ಒಂದು ಮಂಡಿ. ನಿಧಾನ ಮಾಡಿದಲ್ಲಿ ಮೈಮೇಲೆ ಮೈ ಬಿದ್ದಿದೆ, ಮರೇಯನ್ನು ಕಾಡಿದ ಅದೇ ತೊಂದರೆ. ಹಾರಿದ್ದು ಮರ. ಬಿಟ್ಟ ಮರದ ಕಾಂಡ ಬಿಡಿಸಿದ ಬೀಸಣಿಗೆಯ ಕಡ್ಡಿಗಳ ಹಾಗೆ ಬುಡದಲ್ಲಿ ಒಂದಾಗಿ, ತುದಿಯಲ್ಲಿ ಹರಡಿಕೊಂಡಿತ್ತು. ಬೀಸಣಿಗೆಯ ಎರಡು ಅಂಚುಗಳಲ್ಲಿ ಕಡ್ಡಿಗಳು ಒತ್ತೊತ್ತು, ನಡುವೆ ವಿರಳ. ಏಳನೆಯ ತರಗತಿಯ ಮಕ್ಕಳಿಗೂ ಇದನ್ನು ಉಯ್ಯಾಲೆಯ ಉದಾಹರಣೆ ಕೊಟ್ಟು ಹೇಳಬಹುದು: ಉಯ್ಯಾಲೆ ತುದಿಗೆ ಹೋದಾಗ ಒಂದು ಕ್ಷಣ ನಿಂತು ತಿರುಗುತ್ತದೆ, ನಡುವೆ ಹಾಯುವಾಗ ಅದರ ವೇಗ ಹೆಚ್ಚು. ಆದರೆ ಐವತ್ತು ಅಡಿಯ ಮರವೊಂದು ಆ ಪಾಠವನ್ನು ಆಕಾಶದ ಮೇಲೆ ಬರೆದದ್ದನ್ನು ನಾನು ನೋಡಿರಲಿಲ್ಲ.

ಆ ಸಾಲಿನಲ್ಲಿ ಮೂರು ದಾಟುವಿಕೆಗಳನ್ನು ಹಾಗೆಯೇ ತೆಗೆದಿದ್ದೆ. ಮೂರನ್ನೂ ಬೇರೆ ಬೇರೆಯಾಗಿ ಸೇರಿಸಿ, ಪೇಟೆಯ ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿದೆ. ಸ್ಟುಡಿಯೋದ ಹುಡುಗ ಕ್ಯಾಮೆರಾ ಅಲುಗಾಡಿದೆ ಎಂದು ಕನಿಕರದಿಂದ ಹೇಳಿದ.

ಅಣ್ಣ ಬಂದಾಗ ಮೂರನ್ನೂ ಜಗಲಿಯ ಮೇಲೆ ಸಾಲಾಗಿ ಹರಡಿದೆ. ಈ ಸಲ ಹೊಗಳಿಕೆಗೆ ಕಾಯಲಿಲ್ಲ. ಅವರು ತಮ್ಮನ್ನು ತಾವು ಹುಡುಕಲೇ ಇಲ್ಲ. ಮೊದಲನೆಯದನ್ನು ನೋಡಿ, ಎರಡನೆಯದನ್ನು ನೋಡಿ, ಮೂರನೆಯದರ ಮೇಲೆ ಬಾಗಿದರು. ಬೀಸಣಿಗೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಹೆಬ್ಬೆರಳು ಕಿರುಬೆರಳು ಚಾಚಿ ಗೇಣಿನಂತೆ ಅಳೆದರು. ಅದೇ ಗೇಣನ್ನು ತಂದು ಎರಡನೆಯ ಚಿತ್ರದ ಮೇಲಿಟ್ಟರು. ಎರಡನೆಯದು ಸಾಲದೆ ಹೋಯಿತು.

“ಇದು ತೋಡಿನಿಂದ ಎಷ್ಟನೆಯ ಮರ?”

ನಾಲ್ಕನೆಯದು ಎಂದೆ.

“ಇಷ್ಟು ಹೋಗಬಾರದು. ಅಂದೇ ಕೈಗೆ ಸ್ವಲ್ಪ ಸಂಶಯ ಬಂದಿತ್ತು.”

ಚಾ ಅರ್ಧಕ್ಕೆ ಬಿಟ್ಟು ತೋಟಕ್ಕೆ ಇಳಿದರು. ನಾನೂ ಹಿಂದಿನಿಂದ ಹೋದೆ. ನಾಲ್ಕನೆಯ ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕತ್ತಿಯ ಹಿಂಬದಿಯಿಂದ ಎರಡು ಸಲ ಬಡಿದು ಕಿವಿಗೊಟ್ಟರು. ಎದ್ದು ಹೋಗಿ ಐದನೆಯದಕ್ಕೆ ಬಡಿದರು. ಮತ್ತೆ ನಾಲ್ಕನೆಯದಕ್ಕೆ. ಎರಡು ಸದ್ದುಗಳ ನಡುವಿನ ವ್ಯತ್ಯಾಸ ನನ್ನ ಕಿವಿಗೆ ತಿಳಿಯಲಿಲ್ಲ. ಅವರು ಕತ್ತಿಯನ್ನು ತಿರುಗಿಸಿ, ನನ್ನ ಎದೆಯ ಎತ್ತರಕ್ಕೆ ಕಾಂಡದ ಮೇಲೆ ಅಡ್ಡಕ್ಕೊಂದು ಗೀರು ಎಳೆದರು.

“ಇದಕ್ಕೆ ಇನ್ನು ಕೆಳಗಿನಿಂದ ದೋಟಿಯೇ, ಮಾಷ್ಟ್ರೇ.”